ನಿದ್ರಾಮಗ್ನ ತತ್ವಜ್ಞಾನಿಯ ಬೂಟು

ಹಾಲ್ಡೆನ್‌ಬ್ರಿಜ್ ಊರಿನಲ್ಲಿ ಆಕಾಶ ಕಾಣುವುದು ವರ್ಷಕ್ಕೆ ಒಂದೇ ವಾರ. ಆಗಸ್ಟ್ ತಿಂಗಳ ವೇಕ್ಸ್ ವಾರದಲ್ಲಿ ಹತ್ತಿ ಗಿರಣಿಗಳಿಗೆಲ್ಲ ಒಟ್ಟಿಗೆ ರಜೆ, ಎಪ್ಪತ್ತಮೂರು ಹೊಗೆಗೊಳವೆಗಳು ಒಟ್ಟಿಗೆ ಬಾಯಿ ಮುಚ್ಚಿಕೊಂಡು ನಿಲ್ಲುತ್ತವೆ. ಉಳಿದ ದಿನಗಳಲ್ಲಿ ಮಟಮಟ ಮಧ್ಯಾಹ್ನಕ್ಕೂ ದೀಪ ಹಚ್ಚಿಕೊಂಡು ಬದುಕುವ ಜನ ಆ ವಾರ ತಲೆಯೆತ್ತಿ ನೀಲಿ ನೋಡಿ, ಇದೇನಪ್ಪ ಇಷ್ಟೊಂದು ಖಾಲಿ ಎಂದು ಗಾಬರಿಯಾಗುತ್ತಾರೆ. ಫೋಟೋ ತೆಗೆಯುವ ಡಾರ್ಕಸ್ ಹೆಬ್ಡೆನ್‌ಳಿಗೆ ಆ ವಾರ ಹಬ್ಬವಲ್ಲ, ಸುಗ್ಗಿ. ಬೆಳಕಿದ್ದಾಗಲೇ ಅವಳ ಬೆಳೆ.

ಆ ವರ್ಷ ಊರಿನ ನಡುವೆ ಕಬ್ಬಿಣದ ಕಮಾನುಗಳ ಮೇಲೆ ಗಾಜು ಹೊದಿಸಿ ಒಂದು ಮಹಲು ಕಟ್ಟಿದ್ದರು. ದೊಡ್ಡವರ ಮನೆಗಳಿಂದ ಎರವಲು ತಂದ ಅಮೃತಶಿಲೆಯ ನೂರಾ ನಲವತ್ತು ಶಿಲ್ಪಗಳು ಅದರೊಳಗೆ ಎರಡು ಸಾಲಾಗಿ ನಿಂತಿದ್ದವು. ಈ ಪ್ರದರ್ಶನದ ನೆನಪಿಗೆ ಒಂದು ಆಲ್ಬಮ್ ಮಾಡಬೇಕು, ಅದರ ಮೊದಲ ಪುಟಕ್ಕೆ ಬಾಗಿಲಿನಿಂದ ತುದಿಯವರೆಗೆ ಇಡೀ ಮಹಲು ಒಂದೇ ಚಿತ್ರದಲ್ಲಿ ಬರಬೇಕು ಎಂದು ಸಮಿತಿಯ ಅಪ್ಪಣೆ. ಗಂಡ ತೀರಿಕೊಂಡ ಮೇಲೆ ಕ್ಯಾಮೆರಾ ಮಾರದೆ ತಾನೇ ಅದರ ಹಿಂದೆ ನಿಂತವಳು ಡಾರ್ಕಸ್. ಬೆಳ್ಳಿಯ ರಸಾಯನ ತಾಗಿ ತಾಗಿ ಅವಳ ಹತ್ತೂ ಬೆರಳು ಇದ್ದಿಲಿನಂತೆ ಕಪ್ಪಗಾಗಿದ್ದವು. ಇವಳೇನು ಕೈಗವಸು ಹಾಕಿಕೊಂಡೇ ಹುಟ್ಟಿದವಳೋ ಎಂದು ಮಾರುಕಟ್ಟೆಯ ಹೆಂಗಸರು ಆಡಿಕೊಳ್ಳುತ್ತಿದ್ದರು. ಆಡಿಕೊಂಡರೆ ಆಡಿಕೊಳ್ಳಲಿ, ಅವಳು ತಲೆ ಕೆಡಿಸಿಕೊಂಡವಳಲ್ಲ.

ವೇಕ್ಸ್ ವಾರದ ಕೊನೆಯ ಶನಿವಾರ, ಹನ್ನೆರಡು ಗಂಟೆಗೆ ಸರಿಯಾಗಿ, ಮೇಲಿನ ಮೊಗಸಾಲೆಯಿಂದ ಅವಳು ಕ್ಯಾಮೆರಾದ ಮುಚ್ಚಳ ತೆಗೆದಳು. ಎಂಟು ನಿಮಿಷ ಗಡಿಯಾರ ಹಿಡಿದು ನಿಂತಳು. ಮುಚ್ಚಳ ಹಾಕಿದವಳೇ ಒದ್ದೆ ಗಾಜಿನ ಫಲಕವನ್ನು ಎತ್ತಿಕೊಂಡು ತಾಳೆಗಿಡದ ಕುಂಡಗಳ ಹಿಂದಿದ್ದ ಕಪ್ಪು ಡೇರೆಯೊಳಗೆ ನುಗ್ಗಿದಳು. ಫಲಕ ಒಣಗುವುದರೊಳಗೆ ಚಿತ್ರ ಎಬ್ಬಿಸಬೇಕು. ಒಣಗಿತೋ, ಎಂಟು ನಿಮಿಷವೂ ನೀರಿನಲ್ಲಿ ಹೋಮ.

ಚಿತ್ರ ಎದ್ದಿತು. ಕಪ್ಪು ಬಟ್ಟೆಯ ಮೇಲೆ ಫಲಕವಿಟ್ಟು ನೋಡಿದಾಗ ಡಾರ್ಕಸ್‌ಳ ಕಣ್ಣು ಒದ್ದೆಯಾಯಿತು. ಕಮಾನಿನ ಹಿಂದೆ ಕಮಾನು, ಒಂದೊಂದು ತಿರುಪೂ ಎಣಿಸುವಷ್ಟು ಸ್ಪಷ್ಟ. ಶಿಲ್ಪಗಳು ಆಗತಾನೇ ಮಿಂದು ಬಂದ ಹಾಗೆ ಹೊಳೆಯುತ್ತಿದ್ದವು. ಆ ಎಂಟು ನಿಮಿಷದಲ್ಲಿ ಎರಡು ಸಾವಿರ ಜನ, ಗಿರಣಿಯ ಹುಡುಗಿಯರು, ಅಜ್ಜಿಯರು, ಐಸ್ ನೆಕ್ಕುವ ಮಕ್ಕಳು, ಮಹಲಿನ ತುಂಬ ಓಡಾಡಿದ್ದರು. ಚಿತ್ರದಲ್ಲಿ ಒಬ್ಬರೂ ಇಲ್ಲ. ಅದು ಈ ಕಸುಬಿನ ವಿಚಿತ್ರ. ಅಲುಗಾಡಿದವರು ಮಾಯ, ಅಲುಗಾಡದವರು ಮಾತ್ರ ಉಳಿಯುತ್ತಾರೆ.

ಅಲುಗಾಡದವರಲ್ಲಿ ಒಬ್ಬ ಹೆಚ್ಚಾಗಿದ್ದ. ಬೇಟೆಯ ದೇವತೆ ಡಯಾನಾಳ ಪಾದದ ಬಳಿ, ಕಾವಲುಗಾರನ ಕುರ್ಚಿಯಲ್ಲಿ, ಗಲ್ಲ ಎದೆಗಿಳಿಸಿ, ಬಾಯಿ ಅರೆ ತೆರೆದು, ಏಮಸ್ ಗಾರ್ಸೈಡ್ ಸೊಗಸಾಗಿ ನಿದ್ದೆ ಹೋಗಿದ್ದ. ಎಂಟು ನಿಮಿಷವೂ ಕದಲದೆ ಮಲಗಿದ್ದ ಪುಣ್ಯಾತ್ಮ. ಅವನ ಗಡ್ಡದ ಕೂದಲನ್ನು ಎಣಿಸಬಹುದಿತ್ತು.

ಡಾರ್ಕಸ್ ತಟ್ಟನೆ ಡೇರೆಯ ಬಾಗಿಲ ಬಟ್ಟೆ ಎಳೆದುಕೊಂಡಳು.

ಏಮಸ್ ನಲವತ್ತು ವರ್ಷ ಕಲ್ಲುಕುಟಿಗನಾಗಿದ್ದವನು. ಊರಿನ ಸ್ಮಶಾನದಲ್ಲಿ ರೆಕ್ಕೆ ಬಿಚ್ಚಿ ನಿಂತ ಅರ್ಧಕ್ಕರ್ಧ ದೇವದೂತರು ಅವನ ಕೈಯಿಂದ ಹುಟ್ಟಿದವರೇ. ಕಲ್ಲಿನ ಪುಡಿ ಎದೆಗಿಳಿದು ಸುತ್ತಿಗೆ ಎತ್ತಲಾಗದೆ ಆರು ವರ್ಷ ಮನೆಯ ಮೂಲೆಯಲ್ಲಿ ಕೆಮ್ಮುತ್ತ ಕೂತಿದ್ದ. ಈ ಮಹಲಿನ ಕಾವಲು ಕೆಲಸ ಸಿಕ್ಕಿ, ಹನ್ನೊಂದು ಹಿತ್ತಾಳೆ ಗುಂಡಿಗಳ ನೀಲಿ ಕೋಟು ಮೈಮೇಲೆ ಬಂದಿದ್ದೇ ತಡ, ಅವನ ಬೆನ್ನು ನೆಟ್ಟಗಾಯಿತು. ದಿನವಿಡೀ ಅಮೃತಶಿಲೆಯ ಸಹವಾಸ, ಅದರ ಮೇಲೆ ಸಂಬಳ ಬೇರೆ! ಪ್ರದರ್ಶನ ಮುಗಿದ ಮೇಲೂ ಮಹಲನ್ನು ಕಾಯಂ ಇಡುತ್ತಾರೆ, ನಾಲ್ವರು ಕಾವಲುಗಾರರನ್ನು ಉಳಿಸಿಕೊಳ್ಳುತ್ತಾರೆ, ಅವರಲ್ಲಿ ಏಮಸ್ ಒಬ್ಬ ಎಂಬ ಸುದ್ದಿಯೂ ಇತ್ತು.

ಆದರೆ ಕಾವಲುಗಾರರ ಮೇಲಧಿಕಾರಿ ಕ್ಯಾಪ್ಟನ್ ಪ್ರಾಥರೋ ಎಂಬಾತನ ನಿಯಮ ಕಲ್ಲಿನಂಥದು. ವಯಸ್ಸಾದವರು ಗಂಟೆಗೆ ಐದು ನಿಮಿಷ ಕೂರಬಹುದು. ಕೂತಲ್ಲಿ ಕಣ್ಣು ಮುಚ್ಚಿದರೆ ಅವತ್ತೇ ಕೋಟು ಬಿಚ್ಚಿಟ್ಟು ಮನೆ ದಾರಿ. ಜೂನ್ ತಿಂಗಳಲ್ಲೇ ಇಬ್ಬರನ್ನು ಹಾಗೆ ಕಳಿಸಿದ್ದ. ಸೇನೆಯಲ್ಲಿದ್ದಾಗ ಸಿಗದೇ ಹೋದ ಶತ್ರುವನ್ನು ಈಗ ಮುದಿ ಕಾವಲುಗಾರರಲ್ಲಿ ಹುಡುಕುವ ಮನುಷ್ಯ.

ಇಷ್ಟೇ ಆಗಿದ್ದರೆ ಡಾರ್ಕಸ್ ನಿಟ್ಟುಸಿರು ಬಿಟ್ಟು ಸುಮ್ಮನಾಗಬಹುದಿತ್ತೇನೋ. ಆದರೆ ಏಮಸ್ ಏಕೆ ನಿದ್ದೆ ಹೋದ ಎಂಬುದು ಅವಳಿಗೆ ಗೊತ್ತಿತ್ತು. ದೂಳು ಕೂತರೆ ಶಿಲ್ಪದ ಹೆಗಲು ಫೋಟೋದಲ್ಲಿ ಮಸಿ ಬಳಿದ ಹಾಗೆ ಬರುತ್ತದೆ ಎಂದು ಅವಳು ಹಿಂದಿನ ದಿನ ಮಾತಿಗೆ ಹೇಳಿದ್ದಳು. ಏಮಸ್ ಮುಂಜಾನೆ ನಾಲ್ಕಕ್ಕೇ ಬಂದು, ಏಣಿ ಹತ್ತಿ, ನೂರಾ ನಲವತ್ತು ಶಿಲ್ಪಗಳನ್ನೂ ಒದ್ದೆ ಬಟ್ಟೆಯಲ್ಲಿ ಒಬ್ಬನೇ ಒರೆಸಿದ್ದ. ಅವನು ಮಲಗಿದ್ದು ಅವಳ ಚಿತ್ರಕ್ಕಾಗಿ ದುಡಿದು.

ಡೇರೆಯಿಂದ ಇಣುಕಿದಳು. ಏಮಸ್ ಆಗಲೇ ಎದ್ದು ಗಳುವಿನ ಹಾಗೆ ನಿಂತು, ಡಯಾನಾಳ ಕಲ್ಲಿನ ಬೇಟೆನಾಯಿಗೆ ಕೈಚಾಚಿದ್ದ ಒಂದು ಮಗುವನ್ನು ಗದರಿಸುತ್ತಿದ್ದ.

"ಮುಟ್ಬೇಡ ಕಣೋ ಮರಿ! ಆ ನಾಯಿ ಕಚ್ಚಲ್ಲ ನಿಜ, ಆದ್ರೆ ನಾನು ಕಚ್ತೀನಿ."

ಅವಳನ್ನು ಕಂಡು ಕೈಬೀಸಿದ. "ಹೆಂಗ್ ಬಂತವ್ವ ಚಿತ್ರ? ನನ್ ಹುಡುಗೀರೆಲ್ಲ ಚೆಂದಾಗಿ ಬಂದವ್ರಾ?"

"ಎಲ್ರೂ ಬಂದಿದಾರೆ ಏಮಸಣ್ಣ," ಎಂದಳು ಡಾರ್ಕಸ್.

ಇನ್ನೊಂದು ಚಿತ್ರ ತೆಗೆಯೋಣವೆಂದರೆ ಬಿಸಿಲು ಕಮಾನು ದಾಟಿ ಹೋಗಿತ್ತು. ಸೋಮವಾರ ಬೆಳಗ್ಗೆ ಎಪ್ಪತ್ತಮೂರು ಹೊಗೆಗೊಳವೆಗಳೂ ಬಾಯಿ ತೆರೆಯುತ್ತವೆ, ಮತ್ತೆ ಬೆಳಕು ಬರುವ ಹೊತ್ತಿಗೆ ಶಿಲ್ಪಗಳೆಲ್ಲ ಅವರವರ ಮನೆ ಸೇರಿರುತ್ತವೆ. ಸಮಿತಿ ಕೂಡುವುದು ಬುಧವಾರ. ಚಿತ್ರವೇ ಬರಲಿಲ್ಲ ಎಂದು ಬಿಡೋಣವೆಂದರೆ, ಬೆಳಗಿನ ಆ ಏಣಿ ಹತ್ತಿದ ಶ್ರಮವೆಲ್ಲ ನೀರುಪಾಲು, ಏಮಸ್ ಹತ್ತಾರು ಬಾರಿ ಏಕೆ ಏಕೆ ಎಂದು ಕೇಳುತ್ತಾನೆ. ಏಮಸ್‌ಗೆ ನಿಜ ಹೇಳಿದರೋ, ಆ ಮನುಷ್ಯ ನೆಟ್ಟಗೆ ಕ್ಯಾಪ್ಟನ್ ಮುಂದೆ ಹೋಗಿ, ಹೌದು ಸಾಹೇಬ್ರೇ ಮಲಗಿದ್ದೆ ಎಂದು ಬಿಡುತ್ತಾನೆ. ಅಷ್ಟು ಪ್ರಾಮಾಣಿಕ. ಪ್ರಾಮಾಣಿಕರ ಸಹವಾಸದಷ್ಟು ತಲೆನೋವು ಇನ್ನೊಂದಿಲ್ಲ ಎಂದು ಡಾರ್ಕಸ್‌ಗೆ ಅನ್ನಿಸಿತು.

ಭಾನುವಾರ ಪ್ರಾರ್ಥನೆಗೆ ಚಕ್ಕರ್ ಹೊಡೆದು ಮನೆಯ ಕಿಟಕಿಗೆ ಫಲಕವನ್ನು ಆನಿಸಿಕೊಂಡು ಕೂತಳು. ಏಮಸ್‌ನನ್ನು ಕೆರೆದು ತೆಗೆಯುವುದು ಸುಲಭ. ಆದರೆ ಗಾಜಿನಿಂದ ಕಾಗದಕ್ಕೆ ಅಚ್ಚಾಗುವಾಗ ಕಪ್ಪು ಬಿಳಿ ಅದಲುಬದಲು, ಗಾಜಿನಲ್ಲಿ ಕೆರೆದ ಜಾಗ ಕಾಗದದ ಮೇಲೆ ಕಪ್ಪಾಗಿ ಮೂಡುತ್ತದೆ. ಡಯಾನಾಳ ಪಕ್ಕದಲ್ಲಿ ಕುರ್ಚಿಯ ಮೇಲೆ ದೆವ್ವ ಕೂತಂತೆ ಕಂಡೀತು. ಆಗ ಅವಳ ಕಣ್ಣು ಅವನ ಕೋಟಿನ ಮೇಲೆ ಬಿತ್ತು. ಈ ಗಾಜಿಗೆ ನೀಲಿ ಎಂದರೆ ಬಿಳಿ, ಅಚ್ಚಿನಲ್ಲಿ ಎರಡೂ ಒಂದೇ ಥರ ಮೂಡುತ್ತವೆ. ಅವನ ನೀಲಿ ಕೋಟು ತನ್ನಷ್ಟಕ್ಕೆ ತಾನೇ ಅರ್ಧ ಅಮೃತಶಿಲೆಯಾಗಿತ್ತು. ಗಡ್ಡವಂತೂ ಮೊದಲೇ ಬೆಳ್ಳಗೆ. ಉಳಿದದ್ದು ಮುಖ, ಕೈ, ಗುಂಡಿ, ಕುರ್ಚಿ, ಬೂಟು. ಗಾಜಿನ ಮೇಲೆ ಮಸಿ ಬಳಿದರೆ ಕಾಗದದ ಮೇಲೆ ಬಿಳಿ ಬರುತ್ತದೆ.

ಡಾರ್ಕಸ್ ಒಬ್ಬಳೇ ನಕ್ಕಳು. "ಏಮಸಣ್ಣ, ನಿಮ್ಮನ್ನ ಕಲ್ಲು ಮಾಡ್ಬಿಡ್ತೀನಿ ತಡೀರಿ."

ನಾಲ್ಕೇ ಕೂದಲಿನ ಕುಂಚ, ತೆಳ್ಳಗೆ ಕದಡಿದ ಮಸಿ, ಕಣ್ಣಿಗೆ ಭೂತಗನ್ನಡಿ. ಭಾನುವಾರ ಹಗಲೆಲ್ಲ ಮುಖ ಮತ್ತು ಕೈ. ಸೋಮವಾರ ಹಗಲೆಲ್ಲ ಗುಂಡಿಗಳು, ಕೋಟಿನ ಮಡಿಕೆಗಳು. ಕುರ್ಚಿಯನ್ನು ಬಂಡೆ ಮಾಡಿದಳು. ಬೂಟಿನ ಹೊತ್ತಿಗೆ ಬೆಳಕು ಹೋಗಿತ್ತು, ಕುತ್ತಿಗೆಯೂ ಹಿಡಿದುಕೊಂಡಿತ್ತು. ಲಾಡಿ ಕಟ್ಟಿದ ಆ ಬೂಟುಗಳನ್ನು ಬರಿಗಾಲು ಮಾಡುವ ತ್ರಾಣವಿಲ್ಲದೆ, ಇದ್ದ ಹಾಗೆಯೇ ಬಿಳಿ ಮಾಡಿ ಕೈಬಿಟ್ಟಳು.

ಮಂಗಳವಾರ ಅಚ್ಚು ಹಾಕಿದಳು. ಫೋಟೋ ಕಾಗದಕ್ಕೆ ಬಳಿಯಲು ಮೊಟ್ಟೆಯ ಬಿಳಿ ಬೇಕು, ಹಳದಿಯೆಲ್ಲ ಪಕ್ಕದ ಮನೆಯ ಟ್ಯಾಬಿತಾಳ ಪಾಲು. ಟ್ಯಾಬಿತಾ ಬೇರೆ ಯಾರೂ ಅಲ್ಲ, ಏಮಸ್‌ನ ಹೆಂಡತಿ. ಪಾತ್ರೆ ಹಿಡಿದುಕೊಂಡು ಹಿತ್ತಲ ಬಾಗಿಲಿಗೆ ಬಂದಳು.

"ಈ ವಾರ ಎಷ್ಟೇ ಹಳದಿ?"

"ಅರವತ್ತು."

"ಅಯ್ಯೋ ನನ್ ತಾಯಿ! ಮತ್ತೆ ಕಸ್ಟರ್ಡ್. ನಮ್ಮ ಮುದುಕಪ್ಪಂಗೆ ಗುಂಡಿ ಹಾಕೋಕಾಗ್ತಿಲ್ಲ, ಹೊಟ್ಟೆ ಹಂಗೆ ಬಂದೈತೆ." ಒಳಗೆ ಕತ್ತು ಚಾಚಿದಳು. "ಏನೋ ದೊಡ್ಡ ಚಿತ್ರ ಅಂತೆ, ತೋರ್ಸೇ."

"ಇನ್ನೂ ಒಣಗಿಲ್ಲ ಟ್ಯಾಬಿ," ಎಂದು ಡಾರ್ಕಸ್ ಬಾಗಿಲಿಗೆ ಅಡ್ಡ ನಿಂತಳು.

ಬುಧವಾರ ಸಮಿತಿ ಕೂಡಿತು. ಅಧ್ಯಕ್ಷ ಸರ್ ಲ್ಯಾಂಬರ್ಟ್ ಓಕ್‌ಶಾಟ್ ನಾಲ್ಕು ಗಿರಣಿಗಳ ಒಡೆಯ. ಇಪ್ಪತ್ತು ವರ್ಷಗಳ ಹಿಂದೆ ಮೂರು ವಾರ ಇಟಲಿಯಲ್ಲಿದ್ದು ಬಂದ ಮನುಷ್ಯ, ಆ ಮೂರು ವಾರವನ್ನು ಇನ್ನೂ ಖರ್ಚು ಮಾಡಿ ಮುಗಿಸಿರಲಿಲ್ಲ. ಪಕ್ಕದಲ್ಲಿ ಪಾದ್ರಿ ಸ್ಟೇನ್‌ಫೋರ್ತ್. ಆ ತುದಿಗೆ, ಕುರ್ಚಿಯಿದ್ದರೂ ನಿಂತೇ ಇದ್ದ ಕ್ಯಾಪ್ಟನ್ ಪ್ರಾಥರೋ.

ಚಿತ್ರ ಮೇಜಿನ ಮೇಲೆ ಬಂತು. ಎಲ್ಲರೂ ಬಾಗಿದರು. ಡಾರ್ಕಸ್ ಕಪ್ಪು ಬೆರಳುಗಳನ್ನು ಶಾಲಿನೊಳಗೆ ಮುಚ್ಚಿಕೊಂಡಳು.

"ಅದ್ಭುತ!" ಎಂದರು ಪಾದ್ರಿ. "ಡಯಾನಾ ಪಕ್ಕದಲ್ಲಿ ಕೂತಿರೋ ಆ ವೃದ್ಧರು ಯಾರು? ಪ್ರದರ್ಶನದ ಕೈಪಿಡೀಲಿ ಎಷ್ಟನೇ ನಂಬರು?"

ಡಾರ್ಕಸ್ ಬಾಯಿ ತೆರೆದಳು. ಆದರೆ ಉತ್ತರ ಹೇಳುವ ಪ್ರಸಂಗವೇ ಬರಲಿಲ್ಲ.

"ನಂಬರು?" ಸರ್ ಲ್ಯಾಂಬರ್ಟ್ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿದರು. "ಇದಕ್ಕೆ ನಂಬರು ನೋಡಬೇಕೇನ್ರೀ ಪಾದ್ರಿಗಳೇ? ಇದು ನಿದ್ರಾಮಗ್ನ ತತ್ವಜ್ಞಾನಿ. ಫ್ಲಾರೆನ್ಸಿನಲ್ಲಿ ಇದನ್ನ ಕೆತ್ತುತ್ತಾ ಇದ್ದಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಶಿಲ್ಪಿ ನನ್ನ ಅಭಿಪ್ರಾಯ ಕೇಳಿದ."

"ಓಹೋ, ಅದೇ ಅಂದ್ಕೊಂಡೆ," ಎಂದರು ಪಾದ್ರಿ ತಟ್ಟನೆ. "ಮುಖದಲ್ಲಿ ಎಂಥ ಚಿಂತನೆ ನೋಡಿ!"

ಕ್ಯಾಪ್ಟನ್ ಭೂತಗನ್ನಡಿ ಎತ್ತಿಕೊಂಡ. "ಸರ್, ತತ್ವಜ್ಞಾನಿ ಬೂಟು ಹಾಕಿದಾನೆ."

ಡಾರ್ಕಸ್ ಮನಸ್ಸಿನಲ್ಲಿ ತನ್ನ ಹಾಳು ಕುತ್ತಿಗೆಗೆ ಹಿಡಿಶಾಪ ಹಾಕಿದಳು.

"ಅದೇ ಅದರ ವೈಶಿಷ್ಟ್ಯ!" ಸರ್ ಲ್ಯಾಂಬರ್ಟ್ ಮೇಜು ಕುಟ್ಟಿದರು. "ಹೊಸ ಪಂಥ ಕಣ್ರೀ ಕ್ಯಾಪ್ಟನ್. ಎಲ್ಲದಕ್ಕೂ ಬರಿಗಾಲು, ಬರಿಮೈ ಯಾಕೆ ಅಂತ ಈಗಿನ ಶಿಲ್ಪಿಗಳು ಕೇಳ್ತಾರೆ. ಹೋದ ವರ್ಷ ನಮ್ಮ ರೈಲ್ವೆ ಎಂಜಿನಿಯರ್ ಪ್ರತಿಮೆಗೆ ಪ್ಯಾಂಟು ಹಾಕಿಸಿದ್ವಲ್ಲ, ಮರೆತ್ರಾ? ಬೂಟು ಅಂದ್ರೆ ಲೋಕಸಂಚಾರ. ಜ್ಞಾನಿ ನಡೆದು ದಣಿದಿದ್ದಾನೆ."

ಮೊದಲ ಪುಟಕ್ಕೆ ಆ ಚಿತ್ರವೇ ಎಂದು ತೀರ್ಮಾನವಾಯಿತು. ಅಷ್ಟೇ ಅಲ್ಲ, ಬಿಡಿ ಅಚ್ಚುಗಳನ್ನು ಮಹಲಿನ ಬಾಗಿಲಲ್ಲೇ ಮಾರಬೇಕೆಂದೂ ಆಯಿತು. ಡಾರ್ಕಸ್ ಮೆಟ್ಟಿಲಿಳಿದು ಬಂದು ಗೋಡೆಗೆ ಒರಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗು ಮುಗಿದ ಮೇಲೆ ಭಯ ಶುರುವಾಯಿತು.

ಭಯ ಸುಳ್ಳಾಗಲಿಲ್ಲ. ಗಿರಣಿ ಜನಕ್ಕೆ ಡಯಾನಾ, ವೀನಸ್ಸು ಯಾರೂ ಬೇಡವಾದರು. ದಣಿದು ಕೂತಲ್ಲೇ ನಿದ್ದೆ ಹೋದ ಮುದುಕನನ್ನು ನೋಡಿ ಅವರಿಗೆ ತಮ್ಮ ಅಪ್ಪ, ತಮ್ಮ ಮಾವ ನೆನಪಾದರು. ತೂಕಡಿಸೋ ತಾತ ಎಂದು ಹೆಸರಿಟ್ಟು, ಚಿತ್ರ ಕೊಂಡು, ಅದನ್ನು ಹಿಡಿದುಕೊಂಡು ಮಹಲಿನೊಳಗೆ ಹುಡುಕಾಡಿದರು. ಹುಡುಕಿ ಹುಡುಕಿ ಸಾಕಾಗಿ ಡಯಾನಾ ಪಕ್ಕದಲ್ಲಿ ನಿಂತಿದ್ದ ಕಾವಲುಗಾರನನ್ನೇ ಕೇಳಿದರು.

"ಯಜಮಾನ್ರೇ, ಈ ತೂಕಡಿಸೋ ತಾತ ಎಲ್ಲವ್ನೆ?"

ಏಮಸ್‌ಗೆ ದಿನಕ್ಕೆ ನೂರು ಬಾರಿ ಈ ಪ್ರಶ್ನೆ. ತನ್ನ ಸಾಲಿನಲ್ಲೇ ಇರಬೇಕಾದ ಒಂದು ಶಿಲ್ಪ ತನಗೇ ಗೊತ್ತಿಲ್ಲ ಎಂಬ ಅವಮಾನ ಅವನನ್ನು ಕೊರೆಯಿತು. ಮೂರನೇ ದಿನ ಡಾರ್ಕಸ್‌ಳ ಡೇರೆಯ ಬಳಿ ಬಂದ.

"ಅವ್ವ, ಆ ಚಿತ್ರ ಒಂದ್ಕಿತ ಕೊಡು. ಎಲ್ರೂ ನೋಡವ್ರೆ, ನಾನೊಬ್ಬ ನೋಡಿಲ್ಲ."

ಇಲ್ಲವೆನ್ನಲು ದಾರಿಯಿರಲಿಲ್ಲ. ಅವನು ಚಿತ್ರವನ್ನು ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಕಲ್ಲು ಪರೀಕ್ಷೆ ಮಾಡುವವನ ಹಾಗೆ ನೋಡಿದ. ಡಾರ್ಕಸ್ ಉಗುರು ಕಚ್ಚಿಕೊಂಡಳು. ಆದರೆ ತನ್ನ ಮಲಗಿದ ಮುಖವನ್ನು ಯಾರು ತಾನೇ ನೋಡಿರುತ್ತಾರೆ?

"ಬಟ್ಟೆ ಕೆಲ್ಸ ಸುಮಾರು," ಎಂದ ಏಮಸ್. "ಮಡಿಕೆ ಒಳಗೆ ಇನ್ನೂ ಆಳ ಹೋಗ್ಬೇಕಿತ್ತು. ಗಡ್ಡ ಪರ್ವಾಗಿಲ್ಲ." ಆಮೇಲೆ ಚಿತ್ರವನ್ನು ಇನ್ನೂ ಹತ್ತಿರ ತಂದುಕೊಂಡ. "ಕೈ ನೋಡು ಆದ್ರೆ. ಬೆರಳ ಗೆಣ್ಣು ನೋಡು. ಇವ್ನು ತತ್ವಜ್ಞಾನಿ ಅಲ್ಲ ಕಣವ್ವ, ದುಡಿದವ್ನು. ಕೆತ್ತಿದವ್ರು ಯಾರೋ, ಈ ಮುದುಕನ ಮ್ಯಾಲೆ ಭಾಳ ಪ್ರೀತಿ ಇಟ್ಕೊಂಡು ಕೆತ್ತವ್ರೆ."

ಡಾರ್ಕಸ್‌ಳಿಗೆ ಅಳು ಬಂತು. ರಸಾಯನದ ಘಾಟು ಎಂದು ಕಣ್ಣೊರೆಸಿಕೊಂಡಳು. ಅವನಿಗೆ ಸುಳ್ಳನ್ನೂ ಹೇಳದೆ, ನಿಜವನ್ನೂ ಹೇಳದೆ ನಿಲ್ಲುವ ಅಂಥ ನರಳಾಟವನ್ನು ಅವಳು ಬದುಕಿನಲ್ಲಿ ಅನುಭವಿಸಿರಲಿಲ್ಲ.

ಇತ್ತ ಕ್ಯಾಪ್ಟನ್ ಪ್ರಾಥರೋಗೆ ಆ ಬೂಟು ನಿದ್ದೆ ಕೊಟ್ಟಿರಲಿಲ್ಲ. ಕೈಪಿಡಿ ತಿರುವಿದ, ಎರವಲು ಪತ್ರಗಳನ್ನೆಲ್ಲ ಓದಿದ, ತತ್ವಜ್ಞಾನಿಯ ಸುಳಿವಿಲ್ಲ. ಕೊನೆಗೆ ಚಿತ್ರ ಹಿಡಿದು ಮೇಲಿನ ಮೊಗಸಾಲೆಗೆ ಹತ್ತಿ, ಕ್ಯಾಮೆರಾ ನಿಂತಿದ್ದ ಜಾಗದಲ್ಲೇ ನಿಂತು ಕೆಳಗೆ ನೋಡಿದ. ಬಂಡೆ ಇರಬೇಕಾದ ಕಡೆ ಕುರ್ಚಿ. ಕುರ್ಚಿಯ ಪಕ್ಕದಲ್ಲಿ ಬಿಳಿ ಗಡ್ಡ. ಕ್ಯಾಪ್ಟನ್‌ನ ಮುಖದಲ್ಲಿ ಮೊದಲ ಬಾರಿಗೆ ನಗು ಕಂಡಿತೆಂದು ಆಮೇಲೆ ಕಂಡವರು ಹೇಳಿದರು.

ಶನಿವಾರ ಮಧ್ಯಾಹ್ನ ಡಾರ್ಕಸ್‌ಗೆ ಕರೆ ಬಂತು. ಡಯಾನಾಳ ಮುಂದೆ ಸರ್ ಲ್ಯಾಂಬರ್ಟ್ ಕೈಕಟ್ಟಿ ನಿಂತಿದ್ದರು. ಏಮಸ್ ಏನೂ ಅರ್ಥವಾಗದೆ ನೆಟ್ಟಗೆ ನಿಂತಿದ್ದ. ಸುತ್ತ ಜನ ಗುಂಪುಗೂಡಿದ್ದರು.

"ಸರ್," ಕ್ಯಾಪ್ಟನ್ ಚಿತ್ರವನ್ನು ಎತ್ತಿ ಹಿಡಿದ, "ಈ ಮಹಲಲ್ಲಿ ಇಂಥ ಶಿಲ್ಪ ಇಲ್ಲ. ಯಾವತ್ತೂ ಇರಲಿಲ್ಲ. ಇವನು ನಿಮ್ಮ ಕಾವಲುಗಾರ ಗಾರ್ಸೈಡ್. ಕೆಲಸದ ಹೊತ್ತಲ್ಲಿ ನಿದ್ದೆ ಹೊಡೀತಿದ್ದಾನೆ. ಈ ಹೆಂಗಸು ಅವನಿಗೆ ಬಿಳಿ ಬಳಿದಿದ್ದಾಳೆ."

"ಏನ್ರೀ ಮಾತು ಇದು," ಎಂದರು ಸರ್ ಲ್ಯಾಂಬರ್ಟ್. ಮುಖ ಕೆಂಪಾಗಿತ್ತು. ಹಿಂದಿನ ದಿನವಷ್ಟೇ ಬಿಷಪ್ಪರ ಊಟದ ಮನೆಯಲ್ಲಿ ಹದಿನಾಲ್ಕು ಜನರ ಮುಂದೆ ಆ ಶಿಲ್ಪ ಕೆತ್ತಿದ ಕಥೆಯನ್ನು, ಶಿಲ್ಪಿಯ ಮಾತಿನ ಸಮೇತ, ಹೇಳಿ ಬಂದಿದ್ದರು.

ಏಮಸ್ ನಡುವೆ ಬಾಯಿ ಹಾಕಿದ. "ನಾನಲ್ಲ ಬುದ್ಧಿ. ಅದು ಕಲ್ಲು. ನಲವತ್ ವರ್ಷ ಕಲ್ಲು ಕಂಡವ್ನು ನಾನು, ನಂಗೊತ್ತಾಗಲ್ವಾ?"

ಅವನ ದನಿಯಲ್ಲಿ ಎಳ್ಳಷ್ಟೂ ಕಪಟವಿರಲಿಲ್ಲ. ಕ್ಯಾಪ್ಟನ್ ಕೂಡ ಒಂದು ಗಳಿಗೆ ತಬ್ಬಿಬ್ಬಾದ. ಡಾರ್ಕಸ್‌ಳ ಎದೆಯಲ್ಲಿ ಸಣ್ಣ ಆಸೆ ಹುಟ್ಟಿತು. ಅಷ್ಟರಲ್ಲಿ ಗುಂಪನ್ನು ಮೊಣಕೈಯಿಂದ ಸರಿಸುತ್ತ, ಊಟದ ಗಂಟು ಹಿಡಿದುಕೊಂಡು ಟ್ಯಾಬಿತಾ ಬಂದಳು.

"ಸರೀರಿ, ದಾರಿ ಬಿಡ್ರಿ. ನಮ್ ಮುದುಕಪ್ಪನ ಊಟ ಆರೋಗ್ತಾ ಐತೆ." ಕ್ಯಾಪ್ಟನ್ ಎತ್ತಿ ಹಿಡಿದಿದ್ದ ಚಿತ್ರ ನೇರ ಅವಳ ಕಣ್ಣ ಮುಂದೆಯೇ ಇತ್ತು. "ಅಯ್ಯ! ಇದ್ಯಾರು ನನ್ ಗಂಡ ಮಲಗಿರೋ ಚಿತ್ರ ತೆಗೆದಿದ್ದು?"

ಗುಂಪೆಲ್ಲ ಏಮಸ್‌ನತ್ತ ತಿರುಗಿತು.

"ನಿನ್ ಗಂಡನಾ?" ಕ್ಯಾಪ್ಟನ್ ಮುಂದೆ ಬಾಗಿದ. "ಖಂಡಿತಾನಾ?"

"ಮೂವತ್ತೆಂಟು ವರ್ಷದಿಂದ ಪಕ್ಕದಲ್ಲಿ ಮಲಗಿದೀನಿ, ನಂಗೊತ್ತಾಗಲ್ವಾ? ಆ ಬಾಯಿ ನೋಡಿ. ಗೊರಕೆ ಇನ್ನೇನು ಶುರು ಆಗೋ ಬಾಯಿ ಅದು." ಆಗ ಅವಳಿಗೆ ಸುತ್ತಲಿನ ಮುಖಗಳು ಕಂಡವು. ಡಾರ್ಕಸ್‌ಳ ಮುಖ ಕಂಡಿತು. ಗಂಟು ಹಿಡಿದ ಕೈ ಮೆಲ್ಲನೆ ಕೆಳಗಿಳಿಯಿತು. "ನಾನೇನಾರ ತಪ್ಪು ಹೇಳ್ದ್ನಾ?"

ಏಮಸ್ ಕ್ಯಾಪ್ಟನ್‌ನ ಕೈಯಿಂದ ಚಿತ್ರವನ್ನು ತೆಗೆದುಕೊಂಡ. ಈ ಸಲ ಮುಖವನ್ನಲ್ಲ, ಬೂಟನ್ನು ನೋಡಿದ. ಆಮೇಲೆ ತನ್ನ ಕಾಲನ್ನು ನೋಡಿಕೊಂಡ. ಎಡಗಾಲಿನ ಲಾಡಿಗೆ ಹಾಕಿದ್ದ ಎರಡು ಗಂಟುಗಳು ಚಿತ್ರದಲ್ಲೂ ಎರಡೇ ಇದ್ದವು.

"ಹೌದು ಬುದ್ಧಿ," ಎಂದ, ಬಹಳ ಮೆತ್ತಗೆ. "ನಾನೇ. ಮಲಗಿದ್ದೆ, ನಂಗೇ ಗೊತ್ತಾಗಿಲ್ಲ. ಕೋಟು ಬಿಚ್ಕೊಡ್ತೀನಿ."

ಮೊದಲ ಗುಂಡಿಗೆ ಕೈ ಹಾಕಿದ. ಡಾರ್ಕಸ್‌ಗೆ ಇನ್ನು ತಡೆಯಲಾಗಲಿಲ್ಲ.

"ಬಿಚ್ಬೇಡಿ ಏಮಸಣ್ಣ! ತಪ್ಪು ನಂದು. ಬೆಳಗಿನ ಜಾವ ನಾಲ್ಕಕ್ಕೆ ಬಂದು ಇವ್ರು ಒಬ್ರೇ ಎಲ್ಲ ಶಿಲ್ಪ ಒರೆಸಿದ್ರು ಸರ್, ನನ್ನ ಚಿತ್ರಕ್ಕೋಸ್ಕರ. ದಣಿದು ಕೂತ್ರು. ಬಿಳಿ ಬಳಿದೋಳು ನಾನು. ಕಳಿಸೋದಾದ್ರೆ ನನ್ನ ಕಳ್ಸಿ."

ಎರಡನೇ ಗುಂಡಿ ಬಿಚ್ಚಿತ್ತು. ಗುಂಪಿನಲ್ಲಿ ಯಾರೋ ಹೆಂಗಸು, "ಪಾಪ, ತೂಕಡಿಸೋ ತಾತ ಇವ್ರೇ ಅಂತೆ ಕಣೇ," ಎಂದಳು. ಸರ್ ಲ್ಯಾಂಬರ್ಟ್ ಆ ಮಾತಿಗೆ ಬೆಚ್ಚಿದರು. ಏಮಸ್ ಮಲಗಿದ್ದು ನಿಜವಾದರೆ ಫ್ಲಾರೆನ್ಸು ಸುಳ್ಳು. ಫ್ಲಾರೆನ್ಸು ನಿಜವಾಗಿ ಉಳಿಯಬೇಕಾದರೆ ಏಮಸ್ ಮಲಗಿರಲೇಬಾರದು. ಅವರ ತಲೆಯೊಳಗೆ ಈ ತಕ್ಕಡಿ ತೂಗಿದ್ದು ಡಾರ್ಕಸ್‌ಗೆ ಅವರ ಮೀಸೆಯಲ್ಲೇ ಕಾಣಿಸಿತು.

"ಗುಂಡಿ ಹಾಕ್ಕೋ," ಎಂದರು ಸರ್ ಲ್ಯಾಂಬರ್ಟ್.

"ಬುದ್ಧಿ?"

"ಗುಂಡಿ ಹಾಕ್ಕೊಳಯ್ಯ! ಏನು ಅವಿವೇಕ ಇದು. ಸಂಗೀತ ಕಲಿಯದವನಿಗೆ ರಾಗ ಎಲ್ಲ ಒಂದೇ ಥರ ಕೇಳುತ್ತಂತೆ, ಹಾಗೆ ಹೆಂಡತಿಯರಿಗೆ ಮುದುಕರೆಲ್ಲ ಗಂಡನ ಥರ ಕಾಣೋದು ಸಹಜ. ಆ ಶಿಲ್ಪ ಕೆತ್ತುವಾಗ ನಾನು ಪಕ್ಕದಲ್ಲಿ ನಿಂತಿದ್ದೆ."

"ಆದ್ರೆ ಸರ್, ಇವನೇ ಒಪ್ಕೊಂಡ. ಈ ಹೆಂಗಸೂ ಒಪ್ಕೊಂಡ್ಳು," ಎಂದ ಕ್ಯಾಪ್ಟನ್.

"ಕ್ಯಾಪ್ಟನ್ ಪ್ರಾಥರೋ," ಸರ್ ಲ್ಯಾಂಬರ್ಟ್ ದನಿ ಏರಿತು, "ಅಮೃತಶಿಲೆ ಯಾವುದು, ಕಾವಲುಗಾರ ಯಾವುದು ಅಂತ ನನಗೆ ಗೊತ್ತಾಗಲ್ಲ ಅಂತೀರಾ?"

ಕ್ಯಾಪ್ಟನ್ ಹಿಮ್ಮಡಿ ಜೋಡಿಸಿ ನಿಂತ. ಸೇನೆಯಲ್ಲಿ ಇದ್ದವನು, ಯಾವಾಗ ಹಿಂದೆ ಸರಿಯಬೇಕೆಂದು ಬಲ್ಲ. "ಇಲ್ಲ ಸರ್."

"ಹಾಗಾದ್ರೆ ಮುಗೀತು. ಆ ಶಿಲ್ಪವನ್ನ ಸೋಮವಾರವೇ ಯಜಮಾನರಿಗೆ ವಾಪಸು ಕಳಿಸಿದೆ. ನಾನೇ ಕಳಿಸಿದೆ. ಕೈಪಿಡೀಲಿ ಸೇರಿಸೋಕೆ ಪುರುಸೊತ್ತಾಗಲಿಲ್ಲ."

"ಅಲ್ಲ ಬುದ್ಧಿ," ಏಮಸ್‌ಗೆ ಇನ್ನೂ ಸಮಾಧಾನವಿಲ್ಲ, "ನಾನು ಮಲಗಿದ್ದೆ ಅಂತ ನಾನೇ..."

"ಕಲೆಯ ವಿಚಾರದಲ್ಲಿ ನಿನ್ನ ಅಭಿಪ್ರಾಯ ಯಾರೂ ಕೇಳಲಿಲ್ಲ!" ಎಂದು ಗುಡುಗಿ ಸರ್ ಲ್ಯಾಂಬರ್ಟ್ ಬಿರಬಿರನೆ ಹೊರಟರು. ನಾಲ್ಕು ಹೆಜ್ಜೆ ಹೋಗಿ ನಿಂತು, ತಿರುಗದೆಯೇ ಹೇಳಿದರು. "ನೂರಾ ನಲವತ್ತನ್ನೂ ಒಬ್ಬನೇ ಒರೆಸಿದೆಯಾ?"

"ಹೌದು ಬುದ್ಧಿ."

"ಹೂಂ. ಕ್ಯಾಪ್ಟನ್, ಇವನಿಗೆ ಬೆನ್ನೊರಗೋ ಕುರ್ಚಿ ಕೊಡಿಸಿ."

ಅವರು ಮರೆಯಾಗುವವರೆಗೆ ಹೇಗೋ ತಡೆದುಕೊಂಡಿದ್ದ ಗುಂಪು ಆಮೇಲೆ ಹೋ ಎಂದು ನಕ್ಕಿತು. ಟೋಪಿಗಳು ಗಾಳಿಗೆ ಹಾರಿದವು. ಯಾರೋ ಏಮಸ್‌ನ ಬೆನ್ನು ತಟ್ಟಿ, "ತಾತ, ಇನ್ನೊಂದ್ಸಲ ಮಲಗಿ ತೋರ್ಸು," ಎಂದರು. ಕ್ಯಾಪ್ಟನ್ ಪ್ರಾಥರೋ ಯಾರ ಮುಖವನ್ನೂ ನೋಡದೆ ಕುರ್ಚಿ ಹುಡುಕಲು ಹೋದ.

ಜನ ಚದುರಿದ ಮೇಲೆ ಮೂವರೂ ಡಯಾನಾಳ ಪೀಠದ ಅಂಚಿಗೆ ಕೂತರು. ಟ್ಯಾಬಿತಾ ಗಂಟು ಬಿಚ್ಚಿ ಕಡುಬು ಹಂಚಿದಳು. ಅದರೊಳಗೂ ಕಸ್ಟರ್ಡ್. ಏಮಸ್ ತಿನ್ನಲಿಲ್ಲ. ಚಿತ್ರವನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದ.

"ಸಿಟ್ಟು ಬಂತಾ ಏಮಸಣ್ಣ?" ಡಾರ್ಕಸ್ ಕೇಳಿದಳು.

ಅವನು ತಲೆಯಾಡಿಸಿದ. "ಎಷ್ಟ್ ದಿನ ಹಿಡೀತು?"

"ಎರಡು."

"ಗುಂಡಿ ಹನ್ನೊಂದೂ?"

"ಹನ್ನೊಂದೂ."

"ನಲವತ್ ವರ್ಷ ಮಂದಿ ಗೋರಿ ಮ್ಯಾಲೆ ಮುಖ ಕೆತ್ತಿದೀನಿ," ಎಂದ ಏಮಸ್. "ಮಿಲ್ ಸಾಹುಕಾರ್ರು, ಅವ್ರ ಹೆಂಡ್ತೀರು, ಒಬ್ರ ನಾಯೀನೂ ಕೆತ್ತಿದೀನಿ. ನನ್ನ ಯಾರಾರ ಕೆತ್ತಾರು ಅಂತ ಕನಸಲ್ಲೂ ಅಂದ್ಕೊಂಡಿರ್ಲಿಲ್ಲ." ಮೂಗನ್ನು ತೋಳಿನಿಂದ ಒರೆಸಿಕೊಂಡ. ಆಮೇಲೆ ಗಂಟಲು ಸರಿಮಾಡಿಕೊಂಡು ಗದರಿಸುವ ದನಿಯಲ್ಲಿ, "ಇಷ್ಟೆಲ್ಲ ಮಾಡ್ದೋಳು ಆ ಬಾಯೊಂದು ಮುಚ್ಚೋಕೇನಾಗಿತ್ತೆ ನಿಂಗೆ?" ಎಂದ.

"ಮುಚ್ಚಿದ್ದೆ ಏಮಸಣ್ಣ," ಎಂದಳು ಡಾರ್ಕಸ್. "ಮುಚ್ಚಿ ನೋಡ್ದೆ. ಯಾರೋ ತತ್ವಜ್ಞಾನಿ ಥರ ಕಂಡ್ರಿ. ಅದಕ್ಕೆ ಮತ್ತೆ ತೆಗ್ದೆ."